ಮರದ ಸಂಗ್ರಹಾಲಯ ಮತ್ತು ಮಲೆನಾಡಿನ ಕೊಟ್ಟಿಗೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪವರ್ ಟಿಲ್ಲರ್ ಬಂದ ಮನೆಯಲ್ಲಿ ನೊಗ ಏನಾಯಿತು? ಮಲೆನಾಡಿನ ಬಹುಪಾಲು ಮನೆಗಳಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಒಂದೇ. ಕೆಲವು ವರ್ಷ ಅದು ಕೊಟ್ಟಿಗೆಯ ಅಟ್ಟದ ಮೇಲಿತ್ತು. ಆಮೇಲೆ ಒಂದು ಮಳೆಗಾಲದಲ್ಲಿ ಒಣಕಟ್ಟಿಗೆ ಸಾಲದೆ ಬಚ್ಚಲೊಲೆಗೆ ಹೋಯಿತು. ನೇಗಿಲು, ಹಲುಬೆ, ಮರಿಗೆ, ಕೊಳಗ, ಒನಕೆ ಇವುಗಳ ಕಥೆಯೂ ಹೆಚ್ಚು ಬೇರೆಯಲ್ಲ. ಉಳಿದವನ್ನು ಹಳೆಯ ಸಾಮಾನು ಕೊಳ್ಳುವವರು ಬಂದು ಒಯ್ದರು. ಅವುಗಳಲ್ಲಿ ಕೆಲವು ಈಗ ದೂರದ ನಗರಗಳ ಹೋಟೆಲುಗಳ ಗೋಡೆಯನ್ನು ಅಲಂಕರಿಸಿವೆ.

ಮೇಲ್ನೋಟಕ್ಕೆ ಇದು ದೊಡ್ಡ ನಷ್ಟವೆಂದು ತೋರದು. ಉಪಯೋಗವಿಲ್ಲದ ವಸ್ತು ಒಲೆ ಸೇರುವುದು ಲೋಕರೂಢಿ. ಆದರೆ ಒಂದು ನೊಗದೊಡನೆ ಬೆಂದುಹೋದದ್ದು ಮರದ ತುಂಡು ಮಾತ್ರವಲ್ಲ. ಅದನ್ನು ಯಾವ ಮರದಿಂದ ಮಾಡಲಾಗಿತ್ತು, ಆ ಮರವನ್ನೇ ಏಕೆ ಆರಿಸಲಾಗಿತ್ತು, ಯಾವ ಋತುವಿನಲ್ಲಿ ಕಡಿಯಲಾಗಿತ್ತು, ಎಷ್ಟು ಕಾಲ ನೆರಳಿನಲ್ಲಿ ಒಣಗಿಸಲಾಗಿತ್ತು, ಎತ್ತಿನ ಹೆಗಲು ಕೆತ್ತಿಹೋಗದಂತೆ ಬಾಚಿಯ ಏಟು ಎಲ್ಲಿ ನಿಲ್ಲಬೇಕಾಗಿತ್ತು ಎಂಬ ಜ್ಞಾನವೂ ಅದರೊಡನೆ ಹೋಯಿತು. ಆ ಜ್ಞಾನ ಅಜ್ಜನಲ್ಲಿ ಇತ್ತು, ಆಚಾರಿಯಲ್ಲಿ ಇತ್ತು. ಮೊಮ್ಮಕ್ಕಳಿಗೆ ಅದು ಬರಬೇಕಾದರೆ ಈಗ ಯಾವ ದಾರಿ ಇದೆ? ಈ ಉಪನ್ಯಾಸದ ವಿಷಯ ಅದೇ: ಪರ್ವತದ ಕಾಡು ಮತ್ತು ಮರಗೆಲಸಗಳನ್ನು ಕುರಿತ ವಸ್ತುಸಂಗ್ರಹಾಲಯ. ಅದು ಏನನ್ನು ಕಲಿಸಬಲ್ಲದು, ಏನನ್ನು ಕಲಿಸಲಾರದು, ಮತ್ತು ಮಲೆನಾಡಿನ ಒಂದು ಊರು ತನ್ನದೇ ಆದ ಅಂಥ ಸಂಗ್ರಹವನ್ನು ಹೇಗೆ ಕಟ್ಟಿಕೊಳ್ಳಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಡೆಹ್ರಾಡೂನಿನ ದೇವದಾರು

ಭಾರತದಲ್ಲಿ ಕಾಡು ಮತ್ತು ಮರವನ್ನು ಕುರಿತ ಅತ್ಯಂತ ಹೆಸರಾಂತ ಸಂಗ್ರಹಾಲಯಗಳು ಹಿಮಾಲಯದ ತಪ್ಪಲಿನ ಡೆಹ್ರಾಡೂನಿನಲ್ಲಿವೆ. ಅಲ್ಲಿ 1878ರಲ್ಲಿ ಅರಣ್ಯ ಶಾಲೆಯೊಂದು ಆರಂಭವಾಯಿತು. ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾಗಿದ್ದ ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಶ್ ಬ್ರಾಂಡಿಸ್ ಅದರ ಹಿಂದಿನ ಪ್ರೇರಕ. 1906ರಲ್ಲಿ ಅದೇ ಊರಿನಲ್ಲಿ ಅರಣ್ಯ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಈಗ ಕಾಣುವ ಭವ್ಯವಾದ ಕೆಂಪು ಇಟ್ಟಿಗೆಯ ಕಟ್ಟಡ 1929ರಲ್ಲಿ ಉದ್ಘಾಟನೆಗೊಂಡದ್ದು. ಅದರೊಳಗೆ ಆರು ಸಂಗ್ರಹಾಲಯಗಳಿವೆ: ಮರಮುಟ್ಟು, ಮರಮುಟ್ಟಲ್ಲದ ಅರಣ್ಯೋತ್ಪನ್ನ, ಅರಣ್ಯ ಕೃಷಿವಿಧಾನ, ಸಾಮಾಜಿಕ ಅರಣ್ಯ, ಕೀಟಶಾಸ್ತ್ರ ಮತ್ತು ಸಸ್ಯರೋಗಶಾಸ್ತ್ರ. ಸಣ್ಣ ಶುಲ್ಕ ತೆತ್ತು ಯಾರಾದರೂ ನೋಡಬಹುದು. ಶಾಲಾ ಮಕ್ಕಳ ಸಾಲುಗಳೂ ಅಜ್ಜ ಅಜ್ಜಿಯರ ಕೈಹಿಡಿದ ಕುಟುಂಬಗಳೂ ಅಲ್ಲಿಗೆ ಬರುತ್ತವೆ.

ಮರಮುಟ್ಟಿನ ವಿಭಾಗದಲ್ಲಿ ಎಲ್ಲರನ್ನೂ ನಿಲ್ಲಿಸುವ ವಸ್ತುವೊಂದಿದೆ. ಅದು ದೇವದಾರು ಮರದ ಕಾಂಡದ ಅಡ್ಡಸೀಳು. ಆ ಮರದ ವಯಸ್ಸು 700 ವರ್ಷಕ್ಕೂ ಮೇಲ್ಪಟ್ಟದ್ದು. ಅಂದರೆ ಹಂಪೆಯಲ್ಲಿ ವಿಜಯನಗರದ ಅಡಿಗಲ್ಲು ಬೀಳುವ ಮುನ್ನವೇ ಹಿಮಾಲಯದ ಇಳಿಜಾರಿನಲ್ಲಿ ಅದು ಸಸಿಯಾಗಿ ನಿಂತಿತ್ತು. ಅದರ ಮುಂದೆ ನಿಂತ ಮಗು ತನ್ನ ಬೆರಳನ್ನು ಹೊರಗಿನಿಂದ ಒಳಕ್ಕೆ ಒಯ್ದರೆ ಕೆಲವು ಅಂಗುಲಗಳಲ್ಲಿ ಅಜ್ಜನ ಕಾಲ ಮುಗಿಯುತ್ತದೆ. ಇನ್ನೂ ಶತಮಾನಗಳು ಉಳಿದಿರುತ್ತವೆ. ಕಾಲ ಎಂದರೇನು ಎಂಬುದನ್ನು ಇಷ್ಟು ಸರಳವಾಗಿ ಹೇಳುವ ಪಠ್ಯಪುಸ್ತಕ ಸಿಗುವುದು ಕಷ್ಟ.

ಉಂಗುರಗಳ ಪಾಠ

ಉಂಗುರಗಳು ಏಕೆ ಉಂಟಾಗುತ್ತವೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಹಿಮಾಲಯದಲ್ಲಿ ಚಳಿಗಾಲ ಕಳೆದು ವಸಂತ ಬಂದಾಗ ಮರ ಬೇಗ ಬೇಗ ಬೆಳೆಯುತ್ತದೆ. ಆಗ ಹುಟ್ಟುವ ಜೀವಕೋಶಗಳು ದೊಡ್ಡವು, ಅವುಗಳ ಗೋಡೆ ತೆಳು. ಆದುದರಿಂದ ಆ ಭಾಗ ತಿಳಿಬಣ್ಣದ್ದಾಗಿ ಕಾಣುತ್ತದೆ. ಬೆಳವಣಿಗೆಯ ಕಾಲ ಮುಗಿಯುತ್ತ ಬಂದಂತೆ ಕೋಶಗಳು ಕಿರಿದಾಗಿ ಗೋಡೆ ದಪ್ಪವಾಗುತ್ತದೆ. ಆ ಭಾಗ ಕಡುಬಣ್ಣದ ಗೆರೆಯಾಗುತ್ತದೆ. ಒಂದು ತಿಳಿ ಪಟ್ಟಿ, ಒಂದು ಕಡು ಗೆರೆ ಸೇರಿ ಒಂದು ವರ್ಷ. ಬರ ಬಿದ್ದ ವರ್ಷ ಉಂಗುರ ಕಿರಿದಾಗುತ್ತದೆ. ಪಶ್ಚಿಮ ಹಿಮಾಲಯದ ದೇವದಾರುಗಳ ಉಂಗುರಗಳನ್ನು ಅಳೆದು, ಹವಾಮಾನದ ದಾಖಲೆಗಳೇ ಇಲ್ಲದ ಶತಮಾನಗಳ ಹವೆಯನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಸಹ್ಯಾದ್ರಿಯಲ್ಲಿ ಸ್ಥಿತಿ ಬೇರೆ. ಇಲ್ಲಿಯ ನಿತ್ಯಹರಿದ್ವರ್ಣ ಮರಗಳಿಗೆ ಚಳಿಗಾಲದ ನಿಲುಗಡೆ ಇಲ್ಲದ ಕಾರಣ ಹೆಚ್ಚಿನವುಗಳಲ್ಲಿ ಸ್ಪಷ್ಟ ಉಂಗುರ ಕಾಣದು. ಆದರೆ ಎಲೆ ಉದುರಿಸುವ ಸಾಗುವಾನಿಯಲ್ಲಿ ಬೇಸಿಗೆಯ ವಿಶ್ರಾಂತಿ ಮತ್ತು ಮಳೆಗಾಲದ ಬೆಳವಣಿಗೆ ಎರಡೂ ಅಚ್ಚೊತ್ತುತ್ತವೆ. ಹಳೆಯ ಮನೆಯ ಸಾಗುವಾನಿ ತೊಲೆಯ ತುದಿಯನ್ನು ಒದ್ದೆಬಟ್ಟೆಯಿಂದ ಒರೆಸಿ ನೋಡಿದರೆ ಗೆರೆಗಳು ಕಾಣುತ್ತವೆ. ಮುಂಗಾರಿನ ಇತಿಹಾಸ ಅಲ್ಲಿ ಬರೆದಿದೆ. ಅದನ್ನು ನೋಡಲು ಡೆಹ್ರಾಡೂನಿಗೆ ಹೋಗಬೇಕಾಗಿಲ್ಲ.

ಇಂಥ ಸಂಗ್ರಹಾಲಯಗಳು ಬೆಳೆದ ಹಿನ್ನೆಲೆಯನ್ನೂ ಮರೆಯಬಾರದು. 1853ರ ಅನಂತರ ರೈಲು ಹಾದಿ ವಿಸ್ತರಿಸುತ್ತ ಹೋದಂತೆ ಹಳಿಯ ಕೆಳಗೆ ಹಾಸಲು ಮರದ ದಿಮ್ಮಿಗಳು ಅಪಾರ ಸಂಖ್ಯೆಯಲ್ಲಿ ಬೇಕಾದವು. ಗೆದ್ದಲಿಗೆ ಜಗ್ಗದ ಮರಗಳು ಕೆಲವೇ: ಸಾಗುವಾನಿ, ಸಾಲ, ದೇವದಾರು. ಹಿಮಾಲಯದ ದೇವದಾರುಗಳನ್ನು ಕಡಿದು ನದಿಗಳಲ್ಲಿ ತೇಲಿಬಿಟ್ಟು ಬಯಲಿಗೆ ಸಾಗಿಸಲಾಯಿತು. ಕಾಡು ಬರಿದಾಗತೊಡಗಿದಾಗ, ಬಾಳಿಕೆ ಕಡಿಮೆಯಿರುವ ಮರಗಳಿಗೆ ಔಷಧ ಉಣಿಸಿ ಬಳಸುವುದು ಹೇಗೆಂದು ಡೆಹ್ರಾಡೂನಿನಲ್ಲಿ ಪ್ರಯೋಗಗಳು ನಡೆದವು. ಹೀಗೆ ಮರವನ್ನು ಕುರಿತ ವಿಜ್ಞಾನದ ಬಹುಭಾಗ ಹುಟ್ಟಿದ್ದು ಸರಕಾರ ಮತ್ತು ಉದ್ಯಮದ ಅಗತ್ಯದಿಂದ. 1932ರಲ್ಲಿ ಪಿಯರ್ಸನ್ ಮತ್ತು ಬ್ರೌನ್ ಎಂಬ ತಜ್ಞರು ಭಾರತದ ಮರಮುಟ್ಟುಗಳ ಬಗ್ಗೆ ಎರಡು ಸಂಪುಟಗಳ ಮಹತ್ವದ ಗ್ರಂಥವನ್ನು ಪ್ರಕಟಿಸಿದರು. ಅದು ವಾಣಿಜ್ಯದ ಮರಗಳನ್ನು ಕುರಿತದ್ದೆಂದು ಗ್ರಂಥದ ಹೆಸರೇ ಸಾರುತ್ತದೆ. ಆ ವಿಜ್ಞಾನ ಅಮೂಲ್ಯವಾದದ್ದು. ಆದರೆ ಗಾಜಿನ ಪೆಟ್ಟಿಗೆಯಲ್ಲಿರುವ ಮರದ ತುಂಡು ತನ್ನ ತೂಕವನ್ನು, ಬಲವನ್ನು, ಬಣ್ಣವನ್ನು ಹೇಳಬಲ್ಲದು. ಅದು ಯಾರ ಕೈಸೇರಿತು, ಯಾರ ಕೈತಪ್ಪಿತು ಎಂಬುದನ್ನು ಹೇಳಲಾರದು.

ಹತ್ತು ಮರಗಳ ಕೋರಿಕೆ

ಇದಕ್ಕೆ ಉತ್ತಮ ನಿದರ್ಶನವೆಂದರೆ ಗಢವಾಲದ ‘ಅಂಗು’ ಮರ. ಹಗುರವಾದರೂ ಗಟ್ಟಿಯಾದ ಮರವಿದು. ಇದರ ನಾರು ನೇರ ಮತ್ತು ನೀಳ. ಆದುದರಿಂದ ಏಟು ಬಿದ್ದಾಗ ಬಿರಿಯದೆ ಏಟನ್ನು ನುಂಗಿಕೊಳ್ಳುತ್ತದೆ. ಈ ಗುಣದಿಂದಾಗಿ ಪರ್ವತದ ರೈತರಿಗೆ ಇದು ನೊಗದ ಮರ, ಉಪಕರಣಗಳ ಹಿಡಿಯ ಮರ. ಇಳಿಜಾರಿನ ಕಿರುಗದ್ದೆಗಳನ್ನು ಉಳುವ ಎತ್ತುಗಳ ಹೆಗಲಿಗೆ ಭಾರದ ನೊಗ ಹೊಂದದು. ಅದೇ ಗುಣದಿಂದಾಗಿ ಕ್ರೀಡಾ ಸಾಮಗ್ರಿ ತಯಾರಿಸುವವರಿಗೂ ಇದು ಬೇಕು.

ಚಮೋಲಿ ಜಿಲ್ಲೆಯ ಗೋಪೇಶ್ವರದಲ್ಲಿ ಚಂಡೀಪ್ರಸಾದ ಭಟ್ಟರು 1964ರಲ್ಲಿ ಕಟ್ಟಿದ ದಶೋಲಿಯ ಗ್ರಾಮಸ್ವರಾಜ್ಯ ಸಂಘಟನೆ ಕೃಷಿ ಉಪಕರಣಗಳ ಒಂದು ಚಿಕ್ಕ ಕಾರ್ಯಾಗಾರವನ್ನು ನಡೆಸುತ್ತಿತ್ತು. ಅದಕ್ಕಾಗಿ ಅರಣ್ಯ ಇಲಾಖೆಯಲ್ಲಿ ಅದು ಕೋರಿದ್ದು ಕೇವಲ ಹತ್ತು ಅಂಗು ಮರಗಳನ್ನು. ಕೋರಿಕೆ ತಿರಸ್ಕೃತವಾಯಿತು. ಅನತಿಕಾಲದಲ್ಲಿಯೇ ದೂರದ ಅಲಹಾಬಾದಿನ ಕ್ರೀಡಾ ಸಾಮಗ್ರಿ ಕಂಪನಿಯೊಂದಕ್ಕೆ ಸುಮಾರು 300 ಮರಗಳು ಮಂಜೂರಾದವು. 1973ರ ಏಪ್ರಿಲ್ 24ರಂದು ಮಂಡಲ ಎಂಬ ಹಳ್ಳಿಯಲ್ಲಿ ಜನ ಡೋಲು ಬಾರಿಸುತ್ತ ಕಾಡಿಗೆ ನಡೆದರು. ಕಡಿಯಲು ಬಂದವರು ಬರಿಗೈಯಲ್ಲಿ ಹಿಂದಿರುಗಿದರು. ಮರುವರ್ಷ, 1974ರ ಮಾರ್ಚ್ 26ರಂದು, ರೇಣಿ ಗ್ರಾಮದಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ ಗೌರಾದೇವಿಯವರ ನೇತೃತ್ವದಲ್ಲಿ ಮಹಿಳೆಯರು ಮರಗಳಿಗೆ ಕಾವಲು ನಿಂತರು. ಲೋಕ ಅದನ್ನು ‘ಚಿಪ್ಕೊ’ ಎಂದು ಕರೆಯಿತು.

ಚಿಪ್ಕೊ ಮರ ಕಡಿಯುವುದನ್ನು ತಡೆದ ಚಳವಳಿ ಎಂದಷ್ಟೇ ಪಾಠಗಳಲ್ಲಿ ಬರುತ್ತದೆ. ಅದರ ಬೇರಿನಲ್ಲಿ ಒಂದು ನೊಗದ ಪ್ರಶ್ನೆ ಇತ್ತು ಎಂಬುದು ಮರೆತುಹೋಗಿದೆ. ಪರ್ವತದ ಜನ ಮರ ಮುಟ್ಟಬಾರದೆಂದು ಹೇಳಲಿಲ್ಲ. ಕಾಡಿನ ನಡುವೆ ಬದುಕುವವನಿಗೆ ನೊಗಕ್ಕೆ ಮರವಿಲ್ಲ, ಆಟದ ಸಾಮಾನಿಗೆ ಮಾತ್ರ ಇದೆ ಎಂಬ ವ್ಯವಸ್ಥೆಯನ್ನು ಅವರು ಪ್ರಶ್ನಿಸಿದರು. ಯಾವುದೇ ಮರದ ಸಂಗ್ರಹಾಲಯದಲ್ಲಿ ಅಂಗು ಮರದ ತುಂಡಿನ ಪಕ್ಕದಲ್ಲಿ ಒಂದು ನೊಗವನ್ನೂ ಒಂದು ಟೆನಿಸ್ ರ‍್ಯಾಕೆಟ್ಟನ್ನೂ ಇರಿಸಿದರೆ ಸಾಕು; ಮಕ್ಕಳು ಉಳಿದ ಕಥೆಯನ್ನು ತಾವೇ ಕೇಳಿ ತಿಳಿಯುತ್ತಾರೆ.

ಕಲ್ಲು, ಮರ ಮತ್ತು ಭೂಕಂಪ

ಹಿಮಾಲಯದ ಮರಗೆಲಸದ ಇನ್ನೊಂದು ಮುಖ ಮನೆ ಕಟ್ಟುವ ವಿದ್ಯೆ. ಹಿಮಾಚಲದ ಕುಲ್ಲೂ ಮೊದಲಾದ ಕಣಿವೆಗಳಲ್ಲಿ ‘ಕಾಠ್‌ಕುಣಿ’ ಎಂಬ ಪದ್ಧತಿ ಇದೆ. ಒಂದು ವರಸೆ ದೇವದಾರು ತೊಲೆ, ಒಂದು ವರಸೆ ಒಣಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು. ಗಾರೆ ಇಲ್ಲ. ಮೂಲೆಗಳಲ್ಲಿ ತೊಲೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಭೂಮಿ ನಡುಗಿದಾಗ ಇಂಥ ಗೋಡೆ ಸ್ವಲ್ಪ ಅಲುಗಾಡಿ ಪುನಃ ಕೂರುತ್ತದೆ. ಬಿಗಿಯಾದ ಗೋಡೆಯಂತೆ ಬಿರಿದು ಬೀಳುವುದಿಲ್ಲ. 1905ರ ಕಾಂಗ್ರಾ ಭೂಕಂಪದಲ್ಲಿ ಸುಮಾರು 20,000 ಜನ ಮಡಿದರು. ಆದರೆ ಕಲ್ಲು ಮತ್ತು ಮರದ ನಗ್ಗರ್ ಅರಮನೆ ಅಂದು ಉಳಿಯಿತು, ಇಂದಿಗೂ ನಿಂತಿದೆ. ಉತ್ತರಾಖಂಡದ ಯಮುನಾ ಕಣಿವೆಯ ಕೋಟಿ ಬನಾಲ್ ಶೈಲಿಯ ಬಹುಮಹಡಿ ಮನೆಗಳು 1991ರ ಉತ್ತರಕಾಶಿ ಭೂಕಂಪವನ್ನು ತಾಳಿಕೊಂಡವು.

ಇದನ್ನು ಸಾಧಿಸಿದ ಬಡಗಿಗಳಿಗೆ ಮರದ ಸ್ವಭಾವ ತಿಳಿದಿತ್ತು. ಹಸಿಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಉಂಗುರದ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗುವಿಕೆಯ ಸುಮಾರು ಎರಡರಷ್ಟು. ಹಲಗೆ ಸೊಟ್ಟಗಾಗುವುದು ಇದೇ ಕಾರಣದಿಂದ. ಪ್ರಯೋಗಶಾಲೆ ಇದನ್ನು ಅಂಕಿಗಳಲ್ಲಿ ಬರೆಯಿತು. ಅದಕ್ಕೂ ಶತಮಾನಗಳ ಮೊದಲೇ ಬಡಗಿಯ ಕೈ ಇದನ್ನು ಬಲ್ಲದಾಗಿತ್ತು. ಮಲೆನಾಡಿನ ಆಚಾರಿಯೂ ಬಾಗಿಲಿಗೆ ಹಲಗೆ ಆರಿಸುವಾಗ ತುದಿಯ ಗೆರೆ ನೋಡಿಯೇ ಆರಿಸುತ್ತಾನೆ. ಬಿದಿರನ್ನು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಡುವ ಹಳ್ಳಿಯ ರೂಢಿಗೂ ವಿಜ್ಞಾನದ ಸಮರ್ಥನೆ ಇದೆ: ಬಿದಿರಿನಲ್ಲಿರುವ ಸಕ್ಕರೆ ಮತ್ತು ಪಿಷ್ಟ ನೀರಿಗೆ ಕರಗಿ ಹೋದರೆ ಅದನ್ನು ಅರಸಿ ಬರುವ ಕೊರೆಹುಳುವಿಗೆ ಆಹಾರವಿಲ್ಲ.

ಬಿದಿರಿನ ಮುಳ್ಳು ಹೇಳಿದ ಸತ್ಯ

ಕರ್ನಾಟಕದ ಕಾಡಿನಲ್ಲಿಯೂ ಇಂಥದೊಂದು ಪ್ರಸಂಗ ನಡೆದಿದೆ. ಕಾಗದದ ಕಾರ್ಖಾನೆಗಳಿಗೆ ಬಿದಿರನ್ನು ಅತ್ಯಲ್ಪ ದರದಲ್ಲಿ ಒದಗಿಸಲಾಗುತ್ತಿದ್ದ ಕಾಲವದು. ಬುಟ್ಟಿ, ಮೊರ ಹೆಣೆಯುವ ಮೇದಾರರು ಅದೇ ಬಿದಿರಿಗೆ ಅನೇಕ ಪಟ್ಟು ಹೆಚ್ಚು ಬೆಲೆ ತೆರಬೇಕಾಗಿತ್ತು. ಬಿದಿರು ಕ್ಷೀಣಿಸತೊಡಗಿದಾಗ 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತು ಅವರ ಸಂಗಡಿಗರು ಉತ್ತರ ಕನ್ನಡದಲ್ಲಿ ಕ್ಷೇತ್ರ ಅಧ್ಯಯನ ಕೈಗೊಂಡರು. ಬಿದಿರ ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳುಗಳನ್ನು ತೆಗೆದರೆ ಹೊಸ ಕಳಲೆಗೆ ಜಾಗವಾಗುತ್ತದೆ, ಬೆಳವಣಿಗೆ ಚೆನ್ನಾಗಿರುತ್ತದೆ ಎಂಬುದು ಅರಣ್ಯ ಇಲಾಖೆಯ ಪದ್ಧತಿ. ಮುಳ್ಳು ತೆಗೆದರೆ ದನ ಮತ್ತು ಕಾಡುಪ್ರಾಣಿಗಳು ಎಳೆಯ ಕಳಲೆಯನ್ನು ತಿಂದುಹಾಕುತ್ತವೆ, ಮೆಳೆ ಸಾಯುತ್ತದೆ ಎಂಬುದು ಹಳ್ಳಿಗರ ಮಾತು. ಅಳೆದು ನೋಡಿದಾಗ ಹಳ್ಳಿಗರ ಮಾತೇ ಸರಿಯೆಂದು ಸಿದ್ಧವಾಯಿತು.

ಈ ಪ್ರಸಂಗದಿಂದ ಕಲಿಯಬೇಕಾದದ್ದು ಎರಡು. ಮೊದಲನೆಯದು, ಅಕ್ಷರ ಕಲಿಯದವರ ಬಳಿಯೂ ಪರೀಕ್ಷೆಗೆ ನಿಲ್ಲುವ ಜ್ಞಾನವಿದೆ. ಎರಡನೆಯದು, ಅದನ್ನು ಪರೀಕ್ಷಿಸಿ ನೋಡುವ ವಿಧಾನವನ್ನು ಬಿಡಬಾರದು. ಹಳೆಯದೆಲ್ಲ ಸರಿ ಎಂಬ ಭಾವುಕತೆಯಿಂದ ಕಾಡು ಉಳಿಯದು. ಸಂಗ್ರಹಾಲಯದಲ್ಲಿ ಅಜ್ಜಿಯ ಮಾತೂ ಇರಬೇಕು, ತಕ್ಕಡಿಯೂ ಇರಬೇಕು.

ಉಳಿಸು, ಬೆಳೆಸು, ಬಳಸು

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಗ್ರಾಮಸ್ಥರು ಸಮೀಪದ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ನೇತೃತ್ವದಲ್ಲಿ ಬೆಳೆದ ಆ ‘ಅಪ್ಪಿಕೊ’ ಚಳವಳಿಗೆ ಹಿಮಾಲಯದ ಸುಂದರಲಾಲ್ ಬಹುಗುಣರ ಪ್ರೇರಣೆ ಇತ್ತು. ಪ್ಲೈವುಡ್ ಮುಂತಾದ ಉದ್ಯಮಗಳಿಗಾಗಿ ನೈಸರ್ಗಿಕ ಕಾಡಿನ ಹಸಿಮರಗಳು ಉರುಳುತ್ತಿದ್ದ ದಿನಗಳವು. ಚಳವಳಿ ತನ್ನ ಗುರಿಯನ್ನು ಮೂರು ಪದಗಳಲ್ಲಿ ಹೇಳಿತು: ಉಳಿಸು, ಬೆಳೆಸು, ಬಳಸು.

ಮೊದಲ ಎರಡು ಪದಗಳು ಇಂದು ಪ್ರತಿ ಶಾಲೆಯ ಗೋಡೆಯ ಮೇಲಿವೆ. ಮೂರನೆಯದನ್ನು ಉಚ್ಚರಿಸಲು ಪರಿಸರಪ್ರಿಯರೇ ಹಿಂಜರಿಯುತ್ತಾರೆ. ಮರಗೆಲಸವನ್ನು ಮಕ್ಕಳಿಗೆ ತೋರಿಸಿದರೆ ಮರ ಕಡಿಯಲು ಪ್ರೇರಣೆ ಕೊಟ್ಟಂತಾಗುವುದಿಲ್ಲವೇ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಆಕ್ಷೇಪ ಪ್ರಾಮಾಣಿಕವಾದದ್ದು, ಉತ್ತರವನ್ನೂ ಪ್ರಾಮಾಣಿಕವಾಗಿ ಹುಡುಕಬೇಕು. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. 100 ಕಿಲೋಗ್ರಾಂ ತೂಗುವ ತೊಲೆಯೊಂದು ಸುಮಾರು 50 ಕಿಲೋ ಇಂಗಾಲವನ್ನು, ಮನೆ ನಿಂತಿರುವಷ್ಟು ಕಾಲ, ತನ್ನೊಳಗೆ ಕಾಪಾಡುತ್ತದೆ. ಅದೇ ತೊಲೆ ಒಲೆಗೆ ಬಿದ್ದರೆ ಒಂದು ದಿನದಲ್ಲಿ ಗಾಳಿ ಸೇರುತ್ತದೆ. ನೂರು ವರ್ಷ ಬಾಳುವ ಬಾಗಿಲನ್ನು ಮಾಡಬಲ್ಲ ಆಚಾರಿ ಒಂದು ಮರದಲ್ಲಿ ನಾಲ್ಕು ತಲೆಮಾರಿಗೆ ಸಾಕಾಗುವಷ್ಟನ್ನು ಕೊಡುತ್ತಾನೆ. ಹತ್ತು ವರ್ಷಕ್ಕೆ ಕಳಚಿ ಬೀಳುವ ಪೀಠೋಪಕರಣ ಅಷ್ಟೇ ಕಾಲದಲ್ಲಿ ಹಲವು ಮರಗಳನ್ನು ಬೇಡುತ್ತದೆ. ಮರದ ಬೆಲೆ ತಿಳಿಯದವನು ಮರ ಕಡಿಯುವುದಕ್ಕೂ ಹೇಸುವುದಿಲ್ಲ, ಸುಡುವುದಕ್ಕೂ ಹೇಸುವುದಿಲ್ಲ. ಬಳಸುವುದನ್ನು ಬಲ್ಲವನೇ ಉಳಿಸುವುದನ್ನೂ ಬಲ್ಲ.

ಹಾಗೆಂದು ಈ ಮಾತನ್ನು ಯಾರೂ ನೈಸರ್ಗಿಕ ಕಾಡಿಗೆ ಕೊಡಲಿ ಹಾಕಲು ಪರವಾನಗಿ ಎಂದು ತಿಳಿಯಬಾರದು. ಬಳಕೆಗೆ ಬೇಕಾದ ಮರ ತೋಟದ ಅಂಚಿನಲ್ಲಿ, ಬೇಲಿಯಲ್ಲಿ, ಸ್ವಂತ ಜಮೀನಿನಲ್ಲಿ ಬೆಳೆಯಬೇಕು. ಉತ್ತರ ಕನ್ನಡದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಆ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ಕಿಂದಳಗಳ ಸಸಿ ಏಳುತ್ತಿವೆಯೇ, ಅಥವಾ ಸೊಪ್ಪು ಸವರಿದ ಮುದಿಮರಗಳಷ್ಟೇ ಉಳಿದಿವೆಯೇ ಎಂಬುದನ್ನು ಪ್ರತಿ ಕುಟುಂಬ ಕೇಳಿಕೊಳ್ಳಬೇಕಾಗಿದೆ.

ಊರಿನ ಸಂಗ್ರಹಾಲಯ ಹೇಗಿರಬೇಕು

ಕರ್ನಾಟಕದಲ್ಲಿ ಈ ದಿಕ್ಕಿನ ಕೆಲಸ ಇಲ್ಲವೆಂದಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಮಾದರಿಗಳ ಸಂಗ್ರಹವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ತೊಲೆತೊಲೆಯಾಗಿ ಬಿಚ್ಚಿ ತಂದು ಮರುಜೋಡಿಸಿ ‘ಹಸ್ತಶಿಲ್ಪ’ ಎಂಬ ಪಾರಂಪರಿಕ ಗ್ರಾಮವನ್ನೇ ಕಟ್ಟಿದರು. 2017ರಲ್ಲಿ ನಿಧನರಾದ ಅವರು ಶ್ರೀಮಂತರಾಗಿರಲಿಲ್ಲ. ಒಬ್ಬ ವ್ಯಕ್ತಿಯ ಹಟ ಏನನ್ನು ಉಳಿಸಬಲ್ಲದೆಂಬುದಕ್ಕೆ ಅದು ಸಾಕ್ಷಿ. ಆದರೆ ಪ್ರತಿಯೊಂದು ಊರೂ ಮಣಿಪಾಲವಾಗಬೇಕಾಗಿಲ್ಲ. ಶಾಲೆಯ ಒಂದು ಕೋಣೆ, ಸಂಘದ ಕಟ್ಟಡದ ಒಂದು ಜಗಲಿ ಸಾಕು.

ಮೊದಲನೆಯದಾಗಿ ಉಪಕರಣಗಳು. ನೊಗ, ನೇಗಿಲು, ಹಲುಬೆ, ಕೊರಡು, ಒರಳು ಒನಕೆ, ಕಡಗೋಲು, ಮರಿಗೆ, ಕೊಳಗ, ತೊಟ್ಟಿಲು, ಚೆನ್ನೆಮಣೆ. ಜೊತೆಗೆ ಅವನ್ನು ಮಾಡಿದ ಆಯುಧಗಳು: ಬಾಚಿ, ಉಳಿ, ಕೊಡತಿ, ಗರಗಸ, ಭೈರಿಗೆ, ಕೀಸುಳಿ. ಪ್ರತಿಯೊಂದಕ್ಕೂ ಒಂದು ಚೀಟಿ. ಅದರಲ್ಲಿ ಊರಿನವರು ಕರೆಯುವ ಹೆಸರು, ಯಾವ ಮರ, ಯಾರ ಮನೆಯದು, ಮಾಡಿದವರಾರು, ಏಕೆ ಆ ಮರ. ಚೀಟಿ ಇಲ್ಲದ ನೊಗ ಮುಂದಿನ ತಲೆಮಾರಿಗೆ ಒಂದು ಕೋಲು ಮಾತ್ರ. ಗುಡಿಗಾರರ ಊರುಗಳಾದ ಸಾಗರ, ಸೊರಬ, ಶಿರಸಿ, ಸಿದ್ಧಾಪುರಗಳ ಕಡೆಯವರು ಅವರ ಕೆತ್ತನೆಯ ಉಳಿಗಳ ಹೆಸರುಗಳನ್ನು ಸಂಗ್ರಹಿಸಿದರೆ ಅದೇ ಒಂದು ಶಬ್ದಕೋಶವಾದೀತು.

ಎರಡನೆಯದಾಗಿ ಮರದ ಮಾದರಿಗಳು. ಇದಕ್ಕಾಗಿ ಒಂದು ಮರವನ್ನೂ ಕಡಿಯಬಾರದು. ಸ್ವಂತ ಜಮೀನಿನಲ್ಲಿ ಗಾಳಿಗೆ ಬಿದ್ದ ಕೊಂಬೆ, ಸವರಿದ ಕೊಂಬೆ, ಆಚಾರಿಯ ಕೆಲಸದಲ್ಲಿ ಉಳಿದ ತುಂಡು ಸಾಕಾಗುತ್ತದೆ. ಒಂದು ಗೇಣು ಉದ್ದದ ತುಂಡನ್ನು ತೊಗಟೆಯೊಡನೆ ಇರಿಸಿಕೊಂಡು ಮೂರು ಮುಖಗಳು ಕಾಣುವಂತೆ ಸೀಳಬೇಕು: ಅಡ್ಡಸೀಳು, ತಿರುಳಿನ ಮೂಲಕ ಸೀಳಿದ ಮುಖ, ಉಂಗುರದ ಗುಂಟ ಸೀಳಿದ ಮುಖ. ಒಂದೇ ಮರ ಮೂರು ಕಡೆಯಿಂದ ಮೂರು ಬಗೆಯಾಗಿ ಕಾಣುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಬಿರುಕು ಕಡಿಮೆ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿದರೆ ಕೊರೆಹುಳು ತಗಲುವುದು ತಪ್ಪುತ್ತದೆ. ಈ ಕೆಲಸವನ್ನು ದೊಡ್ಡವರೇ ಮಾಡಬೇಕು.

ಮೂರನೆಯದಾಗಿ, ಮಕ್ಕಳು ಮುಟ್ಟಬಹುದಾದ ವಸ್ತುಗಳು. ಮುಟ್ಟಬಾರದು ಎಂಬ ಫಲಕ ಇರುವಲ್ಲಿ ಮಕ್ಕಳು ಎರಡನೆಯ ಸಲ ಬರುವುದಿಲ್ಲ. ಒಂದೇ ಅಳತೆಯ ಮೂರು ತುಂಡುಗಳನ್ನು ಕೈಗೆ ಕೊಡಿ: ಬೂರುಗ, ಸಾಗುವಾನಿ, ಮತ್ತಿ. ಒಣಗಿದ ಒಂದು ಘನ ಮೀಟರ್ ಬೂರುಗ ಸುಮಾರು 350 ಕಿಲೋ, ಸಾಗುವಾನಿ ಸುಮಾರು 650, ಮತ್ತಿ ಸುಮಾರು 850. ಬೂರುಗ ಏಕೆ ಬೆಂಕಿಕಡ್ಡಿಗೆ ಹೋಯಿತು, ಮತ್ತಿ ಏಕೆ ತೊಲೆಯಾಯಿತು ಎಂದು ಕೈಯೇ ಹೇಳುತ್ತದೆ. ನೀರು ತುಂಬಿದ ಹಂಡೆಯಲ್ಲಿ ಬಿಟ್ಟರೆ ಈ ಮೂರೂ ತೇಲುತ್ತವೆ, ಆದರೆ ಎಷ್ಟೆಷ್ಟು ಮುಳುಗಿ ತೇಲುತ್ತವೆ ಎಂಬುದನ್ನು ಅಳೆಯಬಹುದು. ಹಸಿಯಾದ ನಾಗಸಂಪಿಗೆಯ ಚೇಗು ಮುಳುಗಿಯೇ ಹೋಗುತ್ತದೆ. ಹೊನ್ನೆಯ ಚೇಗಿನ ಚೂರನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿಯಿಡೀ ಇರಿಸಿ ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಹೊಂಬಣ್ಣದ ನೀರಿನಲ್ಲಿ ನೀಲಿ ಛಾಯೆ ಮಿನುಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ತುಂಡು, ಅದರ ಬಣ್ಣಕ್ಕೆ ಬೇಕಾದ ಅರಗು, ಆ ಅರಗನ್ನು ಸ್ರವಿಸುವ ಪುಟ್ಟ ಕೀಟ, ಇವು ಮೂರನ್ನೂ ಒಟ್ಟಿಗೆ ಇರಿಸಿದರೆ ಕಾಡಿನಿಂದ ಆಟಿಕೆಯವರೆಗಿನ ದಾರಿ ಕಾಣುತ್ತದೆ.

ನಾಲ್ಕನೆಯದಾಗಿ, ಮನುಷ್ಯರು. ತಿಂಗಳಿಗೊಮ್ಮೆ ಊರಿನ ಒಬ್ಬ ಹಿರಿಯ ಬಡಗಿ, ಒಬ್ಬ ಮೇದಾರ, ಒಬ್ಬ ಅಜ್ಜಿ ಮಕ್ಕಳೊಡನೆ ಕುಳಿತು ಕೆಲಸ ಮಾಡಿ ತೋರಿಸಬೇಕು. ಅವರ ಆ ದಿನದ ಕೂಲಿಯನ್ನು ಸಂಘ ಕೊಡಬೇಕು. ಜ್ಞಾನಕ್ಕೆ ಗೌರವ ಕೊಡುತ್ತೇವೆಂದು ಶಾಲು ಹೊದಿಸಿ ಬರಿಗೈಯಲ್ಲಿ ಕಳುಹಿಸುವುದು ಗೌರವವಲ್ಲ.

ಕೆಲವು ಎಚ್ಚರಿಕೆಗಳು

ಉತ್ಸಾಹದಲ್ಲಿ ಕಾನೂನನ್ನು ಮರೆಯಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸ್ವಂತ ಜಮೀನಿನಲ್ಲಿಯೂ ಹಲವು ಜಾತಿಯ ಮರಗಳನ್ನು ಕಡಿಯಲು ಅನುಮತಿ ಬೇಕು. ಶ್ರೀಗಂಧ, ಬೀಟೆ, ಸಾಗುವಾನಿಗಳ ತುಂಡನ್ನು ಸಂಗ್ರಹಿಸುವ ಮುನ್ನ ಅರಣ್ಯ ಇಲಾಖೆಯೊಡನೆ ಲಿಖಿತವಾಗಿ ವ್ಯವಹರಿಸುವುದು ಕ್ಷೇಮ. ಅಭಯಾರಣ್ಯದಿಂದ ಒಣಕಡ್ಡಿಯನ್ನೂ ತರಬಾರದು. ಇನ್ನೊಂದೆಡೆ, 2006ರ ಅರಣ್ಯ ಹಕ್ಕು ಕಾಯಿದೆ ಬಿದಿರು ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯ ಮಾಡಿದೆ. ಸಂಗ್ರಹಾಲಯದ ಗೋಡೆಯ ಮೇಲೆ ಈ ಎರಡೂ ವಿಷಯಗಳನ್ನು ಸರಳ ಕನ್ನಡದಲ್ಲಿ ಬರೆದಿಡಬೇಕು. ಮರದ ಹೆಸರು ತಿಳಿದು ಹಕ್ಕು ತಿಳಿಯದಿದ್ದರೆ ಗಢವಾಲದ ಹತ್ತು ಮರಗಳ ಕಥೆ ಮರುಕಳಿಸುತ್ತದೆ.

ಎರಡನೆಯ ಎಚ್ಚರಿಕೆ ಮನಸ್ಸಿಗೆ ಸಂಬಂಧಿಸಿದ್ದು. ಸಂಗ್ರಹಾಲಯ ಕಟ್ಟಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವ ಅಪಾಯವಿದೆ. ಗೋಡೆಗೆ ತೂಗುಹಾಕಿದ ಬಾಚಿಗಿಂತ ಹರೆಯದ ಹುಡುಗನೊಬ್ಬ ಹಿಡಿದ ಬಾಚಿ ಹೆಚ್ಚು ಬೆಲೆಯುಳ್ಳದ್ದು. ಡೆಹ್ರಾಡೂನಿನ ದೇವದಾರು ಸೀಳು ಎಷ್ಟೇ ಅಮೋಘವಾಗಿದ್ದರೂ ಅದು ಸತ್ತ ಮರ. ಅದನ್ನು ನೋಡಿದ ಮಗು ಮನೆಗೆ ಹೋಗಿ ಹಿತ್ತಿಲಿನ ಬದುಕಿರುವ ಮರದ ಸುತ್ತಳತೆಯನ್ನು ಅಳೆದು, ಮರುವರ್ಷ ಮತ್ತೆ ಅಳೆದರೆ, ಆಗ ಸಂಗ್ರಹಾಲಯ ತನ್ನ ಕೆಲಸ ಮಾಡಿದೆ ಎನ್ನಬಹುದು.

ಶಿಬಿರಾರ್ಥಿಗಳಲ್ಲಿ ಕೊನೆಯದಾಗಿ ಒಂದು ಚಿಕ್ಕ ಕೋರಿಕೆ. ಮನೆಗೆ ಹೋದ ಮೇಲೆ, ಮಳೆಗಾಲ ಹಿಡಿದು ಕಟ್ಟಿಗೆಗೆ ತತ್ವಾರ ಬರುವ ಮುನ್ನ, ಕೊಟ್ಟಿಗೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿ. ಅಲ್ಲಿ ಧೂಳು ಹಿಡಿದು ಬಿದ್ದಿರುವ ನೊಗವನ್ನು ಕೆಳಗಿಳಿಸಿ, ಮನೆಯ ಹಿರಿಯರ ಮುಂದೆ ಇರಿಸಿ, ಇದು ಯಾವ ಮರದ್ದೆಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಊರಿನ ಸಂಗ್ರಹಾಲಯದ ಮೊದಲ ಚೀಟಿ ಅದೇ ಆಗಲಿ.